ಎರಡನೇ ಸಲ ಕೇಳದ ಜನ

ನಾಗಮಣಿಯನ್ನು ಕಾಫಿ ಬೇಕೇ ಎಂದು ಕೇಳಿ ನೋಡಿ. ಬೇಡ ಎನ್ನುತ್ತಾಳೆ. ಈಗ ತಾನೇ ಆಯ್ತು, ನಿಮಗ್ಯಾಕೆ ಸುಮ್ಮನೆ ತೊಂದರೆ ಎನ್ನುತ್ತಾಳೆ. ಮನೆಯಾಕೆ ಇನ್ನೊಮ್ಮೆ ಕೇಳಬೇಕು. ಆಗ "ಅಯ್ಯೋ, ಬೇಡ ಅಂದ್ನಲ್ರೀ" ಎನ್ನಬೇಕು. ಮೂರನೇ ಸಲಕ್ಕೆ ಲೋಟವೇ ಕೈಗೆ ಬರಬೇಕು, ಅರ್ಧ ಸಾಕಿತ್ತು ಎಂದು ಗೊಣಗುತ್ತಾ ಪೂರ್ತಿ ಕುಡಿಯಬೇಕು. ಇದರಲ್ಲಿ ಸುಳ್ಳೂ ಇಲ್ಲ, ನಾಟಕವೂ ಇಲ್ಲ. ಮೈಸೂರಿನ ಚಾಮುಂಡಿಪುರಂನಲ್ಲಿ ಬೆಳೆದ ಹೆಣ್ಣುಮಗಳು ಕೇಳಿದ ತಕ್ಷಣ ಕೊಡಿ ಎಂದು ಕೈಚಾಚಿದರೆ, ಇವಳಿಗೆ ಮನೆಯಲ್ಲಿ ಏನೂ ಹೇಳಿಕೊಟ್ಟಿಲ್ಲವೇ ಎಂದು ನಾಲ್ಕು ಜನ ಆಡಿಕೊಳ್ಳುವುದಿಲ್ಲವೇ?

ಇಂಥ ನಾಗಮಣಿ ಹದಿನೆಂಟು ವರ್ಷಗಳಿಂದ ಪರದೇಶದ ಲೈಡನ್ನಿನಲ್ಲಿದ್ದಾಳೆ. ಗಂಡ ಶೇಷಾದ್ರಿ ಅಲ್ಲಿಯ ಯೂನಿವರ್ಸಿಟಿಯಲ್ಲಿ ಸಂಶೋಧಕ. ಅವಳು ಬಯೋಸೈನ್ಸ್ ಪಾರ್ಕಿನ ಒಂದು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದು, ಸಸಿ ಬೆಳೆಸುವ ತಟ್ಟೆಗಳಿಗೆ ಅಗರ್ ಎಂಬ ಲೋಳೆ ಹೊಯ್ದು ಜೋಡಿಸುವ ಕೆಲಸದಲ್ಲಿದ್ದಾಳೆ. ಆ ಊರಿನವರಂತೂ ಎರಡನೇ ಸಲ ಕೇಳುವ ಪೈಕಿಯವರಲ್ಲ. ಬಿಸ್ಕತ್ತಿನ ಡಬ್ಬಿ ಒಮ್ಮೆ ಮುಂದೆ ಬರುತ್ತದೆ, ಬೇಡ ಎಂದರೆ ಪಕ್ಕದವರಿಗೆ ಹೋಗುತ್ತದೆ, ಆಮೇಲೆ ಮುಚ್ಚಳ ಬೀಳುತ್ತದೆ. ಆದರೂ ಅವಳಿಗೆ ಇದರಿಂದ ದೊಡ್ಡ ನಷ್ಟವೇನೂ ಆಗಿರಲಿಲ್ಲ, ಏಕೆಂದರೆ ಎಲ್ಲಿ ಹೋದರೂ ಶೇಷಾದ್ರಿ ಪಕ್ಕದಲ್ಲಿರುತ್ತಿದ್ದರು. "ಅವಳು ಹಾಗೇ ಅಂತಾಳೆ, ನೀವು ಹಾಕಿ" ಎಂದು ತಟ್ಟೆ ಮುಂದೆ ಸರಿಸುತ್ತಿದ್ದರು.

ಲ್ಯಾಬಿನಲ್ಲಿ ಅವಳಿಗೆ ಗೆಳತಿ ಎಂದು ಇದ್ದವಳು ಒಬ್ಬಳೇ, ಗ್ರೀನ್‌ಹೌಸ್ ನೋಡಿಕೊಳ್ಳುವ ಮರೈಕೆ. ಆರಡಿ ಎತ್ತರದ ಹೆಂಗಸು, ಮಾತು ನೇರ, ನಗು ಜೋರು. ಪ್ರತಿ ಮೇ ತಿಂಗಳು ಅವಳೂ ಅವಳ ಗಂಡ ಯೋಸ್ಟನೂ ಆರೇಳು ಸ್ನೇಹಿತರನ್ನು ಕಟ್ಟಿಕೊಂಡು ಸ್ಪೇನಿನ ಮೆಡಿಟರೇನಿಯನ್ ಕರಾವಳಿಗೆ ಹೋಗುತ್ತಾರೆ. ಒಂದು ದಿನ ನಡಿಗೆ, ಒಂದು ದಿನ ಸೈಕಲ್, ಒಂದು ದಿನ ಈಜು; ರಾತ್ರಿಗೆ ಮನೆಯವರೇ ನಡೆಸುವ ಪುಟ್ಟ ತಂಗುಮನೆಗಳಲ್ಲಿ ವಾಸ. ಸೂಟ್‌ಕೇಸುಗಳು ಒಂದು ತಂಗುಮನೆಯಿಂದ ಮುಂದಿನದಕ್ಕೆ ವ್ಯಾನಿನಲ್ಲಿ ಹೋಗುತ್ತವೆ, ಜನ ಮಾತ್ರ ಬೆವರು ಸುರಿಸಿಕೊಂಡು ಬರುತ್ತಾರೆ. ಇದಕ್ಕೂ ರಜಾ ಎನ್ನುತ್ತಾರಲ್ಲ ಎಂದು ಶೇಷಾದ್ರಿಗೆ ಆಶ್ಚರ್ಯ.

ಆದರೆ ಮರೈಕೆಯ ಫೋನಿನಲ್ಲಿದ್ದ ಒಂದು ಚಿತ್ರ ನಾಗಮಣಿಯ ಕಣ್ಣಿಗೆ ಅಂಟಿಕೊಂಡುಬಿಟ್ಟಿತ್ತು. ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕುವ ಸಣ್ಣ ದೋಣಿ, ಅದಕ್ಕೆ ಕಯಾಕ್ ಎನ್ನುತ್ತಾರೆ. ಕೆಳಗೆ ಹಸಿರು ನೀರು, ಎದುರಿಗೆ ಬಂಡೆಯಲ್ಲಿ ಒಂದು ಗುಹೆ. ಆ ದೋಣಿಯಲ್ಲಿ ಒಂದು ಸಲ ಕೂರಬೇಕು, ಆ ಗುಹೆಯೊಳಗೆ ಹೋಗಿ ಬರಬೇಕು. ಐವತ್ತಾರನೇ ವಯಸ್ಸಿನಲ್ಲಿ ಅವಳಿಗೆ ಹುಟ್ಟಿದ ಆಸೆ ಇಷ್ಟೇ. ಈ ವರ್ಷ ಬರುತ್ತೀಯಾ ಎಂದು ಮರೈಕೆ ಕೇಳಿದಾಗ ಏನು ಹೇಳಿದಳು ಎಂದು ಮತ್ತೆ ಹೇಳಬೇಕಾಗಿಲ್ಲ. ವಿಷಯ ಗೊತ್ತಾದ ಶೇಷಾದ್ರಿ ತಲೆ ಚಚ್ಚಿಕೊಂಡು, ತಾವೇ ಮರೈಕೆಗೆ ಫೋನ್ ಮಾಡಿ, ಫಾರಂ ತುಂಬಿ ಕಳಿಸಿದರು. ಅವರಿಗೆ ಮಂಡಿನೋವು, ಅವರು ಹೋಗುವ ಹಾಗಿರಲಿಲ್ಲ.

ಮೊದಲ ದಿನದ ನಡಿಗೆ ಚೆನ್ನಾಗಿಯೇ ಆಯಿತು. ಸಂಜೆ ಊಟದ ಮೇಜಿನ ಮುಂದೆ ಮರೈಕೆ ಕಾಗದ ಪೆನ್ನು ಹಿಡಿದು ಕೂತಳು. "ನಾಳೆ ನಲವತ್ತು ಕಿಲೋಮೀಟರ್ ಸೈಕಲ್, ಸ್ವಲ್ಪ ಏರು ಇದೆ. ನಾಗಮಣಿ, ಬರ್ತೀಯಾ?"

"ಅಯ್ಯೋ, ನಾನ್ಯಾಕೆ? ನನ್ನಿಂದ ನಿಮಗೆಲ್ಲ ತಡ ಆಗುತ್ತೆ. ನನಗೆ ಬೇಡ, ನೀವು ಹೋಗಿ."

"ಸರಿ," ಎಂದಳು ಮರೈಕೆ. ಏನೋ ಗೀಚಿದಳು. ಅಷ್ಟೇ.

ಬೆಳಿಗ್ಗೆ ನಾಗಮಣಿ ಸೈಕಲ್ಲಿಗೆಂದೇ ಬೂಟು ಕಟ್ಟಿಕೊಂಡು ಅಂಗಳಕ್ಕೆ ಬಂದಳು. ಏಳು ಸೈಕಲ್‌ಗಳು ನಿಂತಿದ್ದವು, ಏಳು ಜನ ಹತ್ತಿ ಕೈಬೀಸಿ ಹೊರಟೇಹೋದರು. ವ್ಯಾನಿನ ಡ್ರೈವರ್ ಸೂಟ್‌ಕೇಸುಗಳನ್ನು ಹಿಂದಕ್ಕೆ ತಳ್ಳಿ ಅವಳಿಗೊಂದು ಸೀಟು ಬಿಡಿಸಿಕೊಟ್ಟ. ಲೈಡನ್ನಿನ ಗಾಳಿಮಳೆಯಲ್ಲಿ ಹದಿನೆಂಟು ವರ್ಷ ಸೈಕಲ್ ತುಳಿದ ಹೆಂಗಸು ಸಾಮಾನುಗಳ ಜೊತೆ ಸಾಮಾನಾಗಿ ಕೂತು ಬೆಟ್ಟ ಹತ್ತಿದಳು. ದಾರಿಯಲ್ಲಿ ಆ ಏಳು ಜನರನ್ನು ವ್ಯಾನು ಹಿಂದೆ ಹಾಕಿದಾಗ ಎಲ್ಲರೂ ಖುಷಿಯಾಗಿ ಕೂಗಿದರು. ಇವಳೂ ನಗಲೇಬೇಕಾಯಿತು.

ಅಲ್ಲಿಂದ ಅವಳ ತಲೆ ಕೆಟ್ಟು ಮೊಸರಾಯಿತು. ತಾನೇನು ಮಾಡಿದೆ? ಬೆಳಗಿನ ತಿಂಡಿಗೆ ಬ್ರೆಡ್ಡಿನ ಮೇಲೆ ಚಟ್ನಿಪುಡಿ ಉದುರಿಸಿಕೊಂಡದ್ದು ವಾಸನೆ ಆಯಿತೇ? ಮೊದಲ ದಿನ ನಿಧಾನವಾಗಿ ನಡೆದೆನೇ? ಶೇಷಾದ್ರಿ ಫೋನ್ ಮಾಡಿ ತನ್ನನ್ನು ಅವರ ಕೊರಳಿಗೆ ಕಟ್ಟಿದರು ಎಂದು ಸಿಟ್ಟೇ? ಆ ರಾತ್ರಿ ಅನ್ನ, ತರಕಾರಿ ಹಾಕಿ ಬೇಯಿಸಿದ ದೊಡ್ಡ ಬಾಣಲೆ ಮೇಜಿಗೆ ಬಂತು. ಇನ್ನೂ ಸ್ವಲ್ಪ ಬೇಕೇ ಎಂದು ಯೋಸ್ಟ್ ಕೇಳಿದ. ಸಾಕು ಎಂದಳು. ಬಾಣಲೆ ಅವಳನ್ನು ದಾಟಿ ಹೋಗಿ ಖಾಲಿಯಾಗಿ ವಾಪಸ್ಸಾಯಿತು. ರೂಮಿಗೆ ಹೋಗಿ ಚೀಲದಲ್ಲಿದ್ದ ಚಕ್ಕುಲಿಯನ್ನು ಸದ್ದಾಗದಂತೆ ಮುರಿದು ತಿಂದಳು.

ಮೂರನೇ ದಿನ ಕಡಿದಾದ ಬಂಡೆದಾರಿ: ಬೇಡ ಎಂದಳು, ವ್ಯಾನು. ನಾಲ್ಕನೇ ದಿನ ಈಜು: ಬೇಡ ಎಂದಳು, ದಡದಲ್ಲಿ ಎಲ್ಲರ ಟವೆಲ್ ಕಾಯುತ್ತಾ ಕೂತಳು. ಮರೈಕೆಯ ನಗು ದಿನದಿನಕ್ಕೆ ಕಡಿಮೆಯಾಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ಆರನೇ ದಿನ ಕಯಾಕ್. ಅದಕ್ಕೂ ಹೀಗೇ ಆದರೆ? ಇರುವ ಒಬ್ಬ ಗೆಳತಿಯೂ ಹೋದಳು, ದೋಣಿಯೂ ಹೋಯಿತು. ಸಂಜೆ ತಂಗುಮನೆಯ ಮೆಟ್ಟಿಲ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದಳು.

"ಇವರಿಗೆ ನಾನು ಬೇಡ ರೀ. ಎಲ್ಲದರಲ್ಲೂ ನನ್ನನ್ನ ಬಿಟ್ಟು ಹೋಗ್ತಿದ್ದಾರೆ."

"ಯಾಕೆ? ಕರೀಲಿಲ್ವಾ?"

"ಕರೆದರು."

"ನೀನೇನಂದೆ?"

"ಬೇಡ ಅಂದೆ."

"ಮತ್ತೆ?"

"ಮತ್ತೇನು ಮತ್ತೆ! ಇನ್ನೊಂದು ಸಲ ಕೇಳಬಾರದೇನ್ರೀ? ಬಾಯಿ ಸವೆದುಹೋಗುತ್ತಾ?"

ಶೇಷಾದ್ರಿ ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. "ಕೇಳಲ್ಲ ಕಣೇ ನಾಗು. ಇವರು ಕೇಳೋದೇ ಇಲ್ಲ. ಹದಿನೆಂಟು ವರ್ಷ ಆಯ್ತಲ್ಲೇ ಬಂದು."

"ಇಷ್ಟು ದಿನ ನೀವಿದ್ರಿ."

"ಸರಿ ಬಿಡು, ನಾನೇ ಮರೈಕೆಗೆ ಮೆಸೇಜ್ ಹಾಕ್ಲಾ?"

"ಬೇಡ."

"ಇದು ಯಾವ ಬೇಡ?"

ನಾಗಮಣಿ ಫೋನನ್ನೇ ಇಟ್ಟುಬಿಟ್ಟಳು. ಯಾವ ಬೇಡ ಎಂದು ಅವಳಿಗೂ ಗೊತ್ತಿರಲಿಲ್ಲ. ಮೂವತ್ತೈದು ವರ್ಷ ಇದನ್ನು ವಿಂಗಡಿಸುವ ಕೆಲಸ ಗಂಡನದಾಗಿತ್ತು. ತನಗೆ ಏನು ಬೇಕು ಎನ್ನುವುದನ್ನು ಊರವರೆಲ್ಲ ಊಹಿಸಲಿ ಎಂದು ಬಿಟ್ಟು, ತಾನು ಒಂದು ಸಲವೂ ನೋಡಿಕೊಳ್ಳಲಿಲ್ಲವೇನೋ ಎಂದು ಗಾಬರಿಯಾಯಿತು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮರೈಕೆ ಒಬ್ಬಳೇ ಸಿಕ್ಕಳು. ನಾಗಮಣಿ ಧೈರ್ಯ ಮಾಡಿ ಎದುರಿಗೆ ಕೂತಳು. "ಮರೈಕೆ, ನನ್ನಿಂದ ಏನು ತಪ್ಪಾಯಿತು? ಯಾಕೆ ನನ್ನನ್ನ ಬಿಟ್ಟು ಹೋಗ್ತೀರಾ?"

ಮರೈಕೆಯ ಚಮಚ ಮೊಸರಿನ ಬಟ್ಟಲಲ್ಲೇ ನಿಂತಿತು. "ಬಿಟ್ಟು ಹೋಗೋದಾ? ನೀನೇ ತಾನೇ ಬೇಡ ಬೇಡ ಅಂದಿದ್ದು? ನಿನಗೆ ಇಲ್ಲಿ ಒಂದೂ ಇಷ್ಟ ಆಗ್ಲಿಲ್ಲ, ಗಂಡನ ಬಲವಂತಕ್ಕೆ ಬಂದಿದ್ದೀಯ ಅಂದ್ಕೊಂಡೆ. ನಿನ್ನೆ ಯೋಸ್ಟ್ ಹತ್ತಿರ ಅತ್ತೇಬಿಟ್ಟೆ."

"ನಮ್ಮಲ್ಲಿ ಮೊದಲು ಹಾಗೆ ಹೇಳ್ತೀವಿ. ಆಮೇಲೆ ನೀವು ಬಲವಂತ ಮಾಡಬೇಕು."

ತಮಾಷೆ ಮಾಡುತ್ತಿದ್ದಾಳೋ ಏನೋ ಎಂದು ಮರೈಕೆ ಅವಳ ಮುಖ ನೋಡಿದಳು. "ನಾನು ಹೇಗೆ ಬಲವಂತ ಮಾಡ್ಲಿ? ನೀನು ದೊಡ್ಡ ಹೆಂಗಸು. ಬೇಡ ಅಂದೆ, ನಾನು ನಂಬಿದೆ. ನಿನ್ನ ಮನಸ್ಸು ನಿನಗಿಂತ ನನಗೆ ಚೆನ್ನಾಗಿ ಗೊತ್ತು ಅನ್ನೋದಕ್ಕೆ ನಾನ್ಯಾರು?"

ಈ ಮಾತು ಮರ್ಯಾದೆಯೋ, ಕೈತೊಳೆದುಕೊಳ್ಳುವ ರೀತಿಯೋ ಎಂದೇ ನಾಗಮಣಿಗೆ ಬಗೆಹರಿಯಲಿಲ್ಲ. ಆದರೆ ಹೊತ್ತು ಮೀರುತ್ತಿತ್ತು. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟಳು, "ನಾಳೆ ದೋಣಿಗೆ ನಾನು ಬರ್ತೀನಿ. ನಿನ್ನ ಜೊತೆ."

"ಸರಿ," ಎಂದಳು ಮರೈಕೆ. ಕಾಗದದಲ್ಲಿ ಬರೆದುಕೊಂಡಳು. ಅಷ್ಟೇ. ಬೇಕು ಎಂದದ್ದಕ್ಕೂ ಇವರಲ್ಲಿ ಅಷ್ಟೇ ಸದ್ದು.

ಕಯಾಕಿನಲ್ಲಿ ನಾಗಮಣಿ ಮುಂದೆ, ಮರೈಕೆ ಹಿಂದೆ. ಇಬ್ಬರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಮೊದಲ ಅರ್ಧ ಗಂಟೆ ಕೊಲ್ಲಿಯೊಳಗೇ ಹೋದರು. ನೀರು ಚಿತ್ರದಲ್ಲಿದ್ದಷ್ಟೇ ಹಸಿರು, ಕೆಳಗೆ ಮರಳಿನ ಮೇಲೆ ಮೀನುಗಳ ನೆರಳು. ಹುಟ್ಟಿನಿಂದ ಸಿಡಿದ ಹನಿ ತುಟಿಗೆ ಬಿದ್ದು ಉಪ್ಪಾಯಿತು. ಅಪ್ಪಾ, ಬಂದೆ, ನಾನೇ ಬಾಯಿಬಿಟ್ಟು ಕೇಳಿ ಬಂದೆ ಎಂದು ಎದೆ ಉಬ್ಬಿತು.

ಆಮೇಲೆ ಕೊಲ್ಲಿಯ ಮೂಲೆ ದಾಟಿದರು. ಅಲ್ಲಿ ಸಮುದ್ರ ಬೇರೆಯೇ. ನೀರು ಕಡುನೀಲಿ, ತಳ ಕಾಣದು, ಅಲೆ ದೋಣಿಯನ್ನು ಎತ್ತಿ ಎತ್ತಿ ಇಳಿಸುತ್ತಿತ್ತು. ನಾಗಮಣಿ ಹುಟ್ಟನ್ನು ಮಡಿಲಲ್ಲಿಟ್ಟು ದೋಣಿಯ ಅಂಚು ಹಿಡಿದುಕೊಂಡಳು. ಇನ್ನೊಂದು ದೋಣಿಯಲ್ಲಿ ಮುಂದೆ ಹೋಗುತ್ತಿದ್ದ ಯೋಸ್ಟ್ ತಿರುಗಿ ಕೂಗಿದ, "ಗುಹೆ ಕಾಣಿಸ್ತಿದೆ! ಇನ್ನು ಹತ್ತೇ ನಿಮಿಷ!"

"ಹೇಗಿದೀಯ?" ಎಂದಳು ಹಿಂದಿನಿಂದ ಮರೈಕೆ. "ಮುಂದೆ ಹೋಗೋಣ್ವಾ?"

ಪರವಾಗಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಲ್ಲರೂ ಹೋಗುತ್ತಿದ್ದಾರೆ, ತಾನೇ ಕೇಳಿ ಬಂದದ್ದು, ಈಗ ರಾಗ ಎಳೆದರೆ ಹೇಗೆ? ಗುಹೆಯಂತೂ ಎದುರಿಗೇ ಇತ್ತು. ಆದರೆ ಈ ಹೆದರಿಕೆ ನಿಜದ್ದು, ಅದರಲ್ಲಿ ಉಪಚಾರವೇನೂ ಇರಲಿಲ್ಲ.

"ಬೇಡ," ಎಂದಳು ನಾಗಮಣಿ. "ಭಯ ಆಗ್ತಿದೆ. ವಾಪಸ್ ಹೋಗೋಣ."

ಹೇಳಿ ಬೆನ್ನು ಸೆಟೆದುಕೊಂಡು ಕಾದಳು. ಈಗ ಬರುತ್ತದೆ: ಏನೂ ಆಗಲ್ಲ, ಹತ್ತೇ ನಿಮಿಷ, ಇಷ್ಟು ದೂರ ಬಂದು ಹೀಗಾ, ನಾನಿದ್ದೀನಲ್ಲ. ಯಾವುದೂ ಬರಲಿಲ್ಲ. ಹಿಂದೆ ಹುಟ್ಟು ನೀರಿಗೆ ಬಿದ್ದ ಸದ್ದಾಯಿತು, ದೋಣಿಯ ಮೂತಿ ನಿಧಾನವಾಗಿ ದಡದ ಕಡೆ ತಿರುಗಿತು. "ನಾಗಮಣಿಗೆ ಬೇಡವಂತೆ, ನಾವು ಹೋಗ್ತೀವಿ," ಎಂದು ಮರೈಕೆ ಗಂಡನಿಗೆ ಕೂಗಿ ಹೇಳಿದಳು. ಅವನು ಕೈ ಎತ್ತಿ ಸರಿ ಎಂದ.

ಆಗ ಅವಳಿಗೆ ಚಾಮುಂಡಿಪುರಂ ಮನೆಯ ನಡುಮನೆ ನೆನಪಾಯಿತು. ಅಂದು ಅವಳಿಗೆ ಇಪ್ಪತ್ತೊಂದು ವರ್ಷ. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಬಾಟನಿ ಸೀಟು ಸಿಕ್ಕಿ ಎರಡು ವಾರವಾಗಿತ್ತು. ಗಂಡಿನವರು ಒಪ್ಪಿದ ಸುದ್ದಿ ಬಂದ ದಿನ ಅವಳು ಎಲ್ಲರೆದುರು ಹೇಳಿದ್ದಳು, ನನಗೆ ಈಗ ಮದುವೆ ಬೇಡ. ಮೂರು ಸಲ ಹೇಳಿದ್ದಳು. ಎಲ್ಲರೂ ನಕ್ಕಿದ್ದರು. ಹೆಣ್ಣುಮಕ್ಕಳು ಹಾಗನ್ನದೆ ಇನ್ನೇನು ಅಂತಾರೆ ಎಂದು ಸೋದರತ್ತೆ ಅವಳ ಬಾಯಿಗೆ ಸಕ್ಕರೆ ಹಾಕಿದ್ದಳು. ಶೇಷಾದ್ರಿ ಒಳ್ಳೆಯವರು, ಸಂಸಾರ ಚೆನ್ನಾಗಿಯೇ ಆಗಿತ್ತು, ಯಾರ ಮೇಲೂ ದೂರು ಹೇಳುವ ಹಾಗಿಲ್ಲ. ಆದರೆ ಅಂದು ಆ ನಡುಮನೆಯಲ್ಲಿದ್ದ ಅಷ್ಟು ಜನರಲ್ಲಿ ಯಾರೊಬ್ಬರಿಗೂ ಈ ಪರದೇಶದ ಹೆಂಗಸಿನ ಹಾಗೆ ಸುಮ್ಮನೆ ದೋಣಿ ತಿರುಗಿಸಲು ಬರಲಿಲ್ಲ.

ಅವಳ ಹೆಗಲು ಅಲುಗಿದ್ದು ಹಿಂದಿದ್ದವಳಿಗೆ ಕಂಡಿರಬೇಕು.

"ಅಳ್ತಿದ್ದೀಯಾ? ಯಾಕೆ?"

"ಗೊತ್ತಿಲ್ಲ," ಎಂದಳು ನಾಗಮಣಿ.

ಮರೈಕೆ ಅದನ್ನೂ ನಂಬಿದಳು. ಮತ್ತೆ ಕೇಳದೆ ಹುಟ್ಟು ಹಾಕಿದಳು.