ಬಂಡೆಯ ಮೇಲೆ ಕಂಡ ಹಳದಿ ಚೌಕ

ಭೂತ, ಪಿಶಾಚಿ, ಸತ್ತವರು ಬಂದು ಎಚ್ಚರಿಸುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಮನೆಯಲ್ಲಿ ಯಾರಾದರೂ ಅಂಥ ಕತೆ ತೆಗೆದರೆ ಮೊದಲು ನಗುತ್ತಿದ್ದವಳು ನಾನೇ. ಈಗ ಹೇಳಲಿರುವುದನ್ನು ಕೇಳಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನಾನು ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತೆ. ರಜೆ ಸಿಕ್ಕರೆ ಬಸ್ ಹತ್ತಿ ಅಂಕೋಲೆಗೆ, ನನ್ನ ಮಾವಶಿಯ ಮನೆಗೆ ಓಡುತ್ತೇನೆ. ಮಾವಶಿ ಎಂದರೆ ಅಮ್ಮನ ತಂಗಿ. ಸಮುದ್ರ ಇಳಿದಾಗ ಅವಳು ಬಂಡೆಗೆ ಕಚ್ಚಿಕೊಂಡ ಕಲ್ವ ಎಂಬ ಚಿಪ್ಪುಮೀನುಗಳನ್ನು ಸಲಾಕೆಯಿಂದ ಬಡಿದು ತೆಗೆಯುತ್ತಾಳೆ. ನಾನು ಫೋನಿಗೆ ಪುಟ್ಟ ಮಸೂರ ಸಿಕ್ಕಿಸಿಕೊಂಡು ಬಸವನಹುಳು, ಪಾಚಿ, ಏಡಿಯ ಕಾಲು ಎಂದು ಹತ್ತಿರದಿಂದ ಫೋಟೊ ತೆಗೆಯುತ್ತೇನೆ. ತಿನ್ನಲಾಗದ್ದರ ಫೋಟೊ ಯಾಕೆಂದು ಅವಳ ತಮಾಷೆ.

ಅಲ್ಲಿ ಕೆಲಸಕ್ಕಿಳಿದ ಹೆಂಗಸರು ಒಬ್ಬರನ್ನೊಬ್ಬರು ಕೂಗುವುದಿಲ್ಲ. ತೆರೆಯ ಸದ್ದಿಗೆ ಕೂಗು ಕೇಳಿಸುವುದೂ ಇಲ್ಲ. ಸಲಾಕೆಯ ಟಕ್ ಟಕ್ ಕೇಳುತ್ತಿದ್ದರೆ ಆಳು ಕ್ಷೇಮ ಎಂದೇ ಲೆಕ್ಕ. ಆ ಸಂಜೆಯೂ ಟಕ್ ಟಕ್ ಕೇಳುತ್ತಲೇ ಇತ್ತು. ನಾನು ನಿಶ್ಚಿಂತೆಯಿಂದ ಮೊಣಕಾಲೂರಿ ಒಂದು ಬಸವನಹುಳುವಿನ ಹಿಂದೆ ಬಿದ್ದಿದ್ದೆ.

ಮನುಷ್ಯರ ಮುಖ ಕಂಡರೆ ನನ್ನ ಫೋನ್ ತಾನಾಗಿ ಅದರ ಸುತ್ತ ಹಳದಿ ಚೌಕ ಹಾಕುತ್ತದೆ. ಅಂದು ಆ ಚೌಕ ಬರಿಯ ಬಂಡೆಯ ಮೇಲೆ ಮೂಡಿತು. ಹುಳುವಿನ ಮೇಲೂ ಅಲ್ಲ, ಪರದೆಯ ಎಡ ಅಂಚಿನಲ್ಲಿ. ಮಸೂರ ಒರೆಸಿದೆ, ಫೋನ್ ಅಲುಗಿಸಿದೆ. ಹೋಗಲಿಲ್ಲ. ಅದನ್ನು ನಡುವೆ ತರೋಣವೆಂದು ಫೋನ್ ತಿರುಗಿಸಿದರೆ ಅದು ಇನ್ನೂ ಎಡಕ್ಕೆ ಸರಿಯಿತು. ಸಿಟ್ಟು ಬಂತು. ಎದ್ದು ಎರಡು ಹೆಜ್ಜೆ ಹೋದೆ, ಮತ್ತೆ ಸರಿಯಿತು. ಬೇಡ ಎನ್ನಿಸುತ್ತಿದ್ದರೂ ಕಾಲು ನಿಲ್ಲಲಿಲ್ಲ. ದೊಡ್ಡ ಬಂಡೆಯ ತುದಿಗೆ ಬಂದಾಗ ಚೌಕ ಮಾಯವಾಯಿತು.

ಫೋನ್ ಇಳಿಸಿ ನೋಡಿದರೆ, ಬಂಡೆಯ ಆಚೆ ಮಾವಶಿ ಸೊಂಟದವರೆಗೆ ನೀರಿನಲ್ಲಿದ್ದಾಳೆ. ಪಾದ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಭರತದ ನೀರು ಏರುತ್ತಿದೆ.

“ಆಗಿಂದ ಬಡಿತೇ ಇದ್ದೆ ತಂಗೀ! ಕಲ್ವ ತೆಗಿತಾಳೆ ಅಂದ್ಕಂಡ್ಯೇ?” ಎಂದು ಅತ್ತಳು.

ಹಾಗೆಯೇ ಅಂದುಕೊಂಡಿದ್ದೆ. ಫೋನ್ ಎಲ್ಲಿ ಎಸೆದೆನೋ, ನೀರಿಗೆ ಇಳಿದು ಸಲಾಕೆಯಿಂದ ಕಲ್ಲು ಮೀಟಿದೆ. ಒಂದು ತೆರೆ ಇಬ್ಬರ ತಲೆಯನ್ನೂ ಮುಳುಗಿಸಿತು. ಎರಡನೆಯದು ಬರುವಷ್ಟರಲ್ಲಿ ಪಾದ ಬಿಡಿಸಿಕೊಂಡಿತು, ಚರ್ಮ ಸುಲಿದು.

ಫೋನ್ ರಿಪೇರಿಯವನು, ಅದು ಕಲ್ಲಿನ ನೆರಳನ್ನೂ ಕೆಲವೊಮ್ಮೆ ಮುಖವೆಂದು ತಿಳಿಯುತ್ತದೆ ಎಂದ. ಇರಬಹುದು. ಆದರೆ ಅದೇ ಬಂಡೆಯನ್ನು ಅದೇ ಹೊತ್ತಿಗೆ ಎಷ್ಟೋ ಸಲ ಫೋನಿನಲ್ಲಿ ನೋಡಿದೆ, ಚೌಕ ಮತ್ತೆ ಬರಲಿಲ್ಲ. ಮಾವಶಿಯದೇ ಮುಖವೆನ್ನಲು ನಡುವೆ ಆಳೆತ್ತರದ ಕಲ್ಲು.

ಅಂದು ರಾತ್ರಿಯೇ ಅವಳ ಕಾಲಿಗೆ ಅರಿಶಿನ ಹಚ್ಚುತ್ತಾ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ, ಹೆದರಲೂ ಇಲ್ಲ.

“ಗಂಡ್ಸಿನ ಮುಖ ಆಗಿತ್ತೇ?”

“ಮುಖ ಕಾಣ್ಲಿಲ್ಲ ಮಾವಶಿ. ಬರೀ ಚೌಕ.”

ಅವಳ ಗಂಡ ವರ್ಷಗಳ ಹಿಂದೆ ಮೀನಿಗೆಂದು ದೋಣಿಯಲ್ಲಿ ಹೋದವನು ಮರಳಿರಲಿಲ್ಲ. ದೇಹವೂ ದಡಕ್ಕೆ ಬರಲಿಲ್ಲ. ಅವನದೊಂದು ಫೋಟೊ ಕೂಡ ಮನೆಯಲ್ಲಿಲ್ಲ.

ನನ್ನ ಕೈಯಿಂದ ಅರಿಶಿನದ ಬಟ್ಟಲು ತೆಗೆದಿಟ್ಟು, “ಇನ್ನೊಂಚೂರು ನೋಡ್ಬೇಕಾಗಿತ್ತೆ ನೀನು” ಎಂದಳು.

ಇನ್ನೊಂದು ಚೂರು ನೋಡುತ್ತ ನಿಂತಿದ್ದರೆ ಅವಳು ಉಳಿಯುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.