ದೊಡ್ಡಕ್ಕ ಅಳಿಸಿದ ಬೈಗುಳ

ಇಪ್ಪತ್ತು ವರ್ಷದಿಂದ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಿದ್ದ ದೊಡ್ಡಕ್ಕನಿಗೆ ತನ್ನ ನೆರಳಿನ ಮೇಲೂ ಅನುಮಾನ. ಈಗ ಇಬ್ಬರು ಕಿರಿಯ ಬರಹಗಾರರ ಜೊತೆ ಆನ್‌ಲೈನ್‌ನ ಒಂದೇ ಡಾಕ್ಯುಮೆಂಟಿನಲ್ಲಿ ಬರೆಯಬೇಕಿತ್ತು. ಮೂವರ ಹರಟೆಯೂ ಅದೇ ಪುಟದ ಕೊನೆಗೆ. ಇವಳು ಬಂದೊಡನೆ ಅವರಿಬ್ಬರ ಮಾತು ಅಳಿಸಿಹೋಗುತ್ತಿತ್ತು. ಬೆನ್ನ ಹಿಂದೆ ಏನೋ ಮಸಲತ್ತು ನಡೆದಿದೆಯೆಂದು ಹಲ್ಲು ಕಡಿದು, "ಕತ್ತೆಗಳಾ" ಎಂದು ಟೈಪಿಸಿ, ತಕ್ಷಣ ಅಳಿಸಿ, "ಚೆನ್ನಾಗಿದೆ ಮಕ್ಕಳೇ" ಎಂದು ಬರೆಯುವುದು ಇವಳ ಅಭ್ಯಾಸ.

ಒಂದು ದಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಅಳಿಸಿದ್ದನ್ನೆಲ್ಲ ಡಾಕ್ಯುಮೆಂಟು ತಾನಾಗಿ ಉಳಿಸಿಟ್ಟಿದ್ದ ಹಳೆಯ ಪ್ರತಿಗಳಿಂದ ತೆಗೆಸಿ ಓದಿದಳು. ಅವರಿಬ್ಬರ ಹರಟೆ ಹೀಗಿತ್ತು:

"ಅಕ್ಕ ಇವತ್ತು ಏನಂತ ಬೈದ್ರು?"

"ಕತ್ತೆಗಳು ಅಂತ. ನಿನ್ನೆಗಿಂತ ವಾಸಿ ಬಿಡು."

ದೊಡ್ಡಕ್ಕನ ಮುಖ ಇಂಗು ತಿಂದ ಮಂಗನಂತಾಯಿತು. "ನಾನು ಅಳಿಸಿಬಿಟ್ಟಿದ್ದೆನಲ್ಲೇ!"

"ನೀನು ಒಂದೊಂದಕ್ಷರ ಒತ್ತುವಾಗ್ಲೂ ಅವರಿಗೆ ಕಾಣ್ತಿರುತ್ತಮ್ಮಾ."

ದೊಡ್ಡಕ್ಕ ಮಗಳನ್ನು ಗುರಾಯಿಸಿದಳು. "ಇಷ್ಟು ದಿನ ಯಾಕೆ ಹೇಳಲಿಲ್ಲ? ನೀನೂ ಅವರ ಕಡೆಯವಳಾ?"