ಬೊಮ್ಮಯ್ಯನವರ ಪಥ್ಯ

ಅಂಕೋಲೆಯ ಬೊಮ್ಮಯ್ಯ ನಾಯಕರು ಪಂಪ್‌ಸೆಟ್ ರಿಪೇರಿಗೆಂದು ವಾರದಲ್ಲಿ ಐದು ದಿನ ಬಸ್ಸಿನಲ್ಲೇ ಇರುತ್ತಾರೆ. ಅವರ ಚೀಲದಲ್ಲಿ ಸ್ಪ್ಯಾನರಿಗಿಂತ ಬಿಸಿನೀರಿನ ಫ್ಲಾಸ್ಕು, ಸೌತೆಕಾಯಿ, ಉಪ್ಪು ಕಮ್ಮಿ ಹಾಕಿದ ಗಂಜಿಯ ಡಬ್ಬಿಯದೇ ಭಾರ. ಕಾರವಾರದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತರೆ ಅದಕ್ಕೆ ಹನ್ನೆರಡು ಪ್ರದಕ್ಷಿಣೆ ಹಾಕುತ್ತಾರೆ. ಕಂಡಕ್ಟರೂ ಅವರು ಹತ್ತಿದ ಮೇಲೆಯೇ ಸೀಟಿ ಊದುತ್ತಾನೆ. ಪಕ್ಕದವರು ಬಜ್ಜಿ ಕೊಟ್ಟರೆ ಮೂಸಿ ನೋಡಿ, "ವಾಸ್ನೆ ಸಾಕು ಮಾರಾಯ" ಎಂದು ಮರಳಿಸುತ್ತಾರೆ. "ಇಷ್ಟು ಜೀವದಾಸೆ ಯಾಕೆ ಬೊಮ್ಮಯ್ಯಣ್ಣ?" ಎಂದು ಒಮ್ಮೆ ಪಕ್ಕದ ಸೀಟಿನಲ್ಲಿದ್ದ ನಾನು ಚೇಷ್ಟೆ ಮಾಡಿದೆ. ಅವರು ಸೊಂಟದ ಮೇಲೆ ಮೆಲ್ಲಗೆ ಕೈಯಿಟ್ಟುಕೊಂಡರು. "ಮಗಳು ದೀಕ್ಷಾಗೆ ಒಂದು ಕಿಡ್ನಿ ಕೊಡೂದದೆ. ತೂಕ ಇಳಿಸ್ಕಂಡು ಬನ್ನಿ ಅಂದಿದ್ರು ಡಾಕ್ಟ್ರು. ಇಳೀತು, ಆಪರೇಶನ್ ತಾರೀಕೂ ಸಿಕ್ತು. ಇದು ಈಗ ಅವಳ್ದು. ಅಲ್ಲೀವರೆಗೆ ನಾನು ಜೋಪಾನ ಮಾಡ್ತೆ, ಅಷ್ಟೆ."